ಕೈಯಾರೆ ಕಟ್ಟುವ ದೋಣಿಯೂ ಕಟ್ಟುವವರ ಆರೋಗ್ಯವೂ

ಮಗರಪಟ್ಟಾದ ಉತ್ತರಕ್ಕೆ, ಮುಂಢ್ವೆಯ ಸೇತುವೆಯ ಕೆಳಗೆ ಹರಿಯುವ ಮುಳಾ-ಮುಠೆಯನ್ನು ನಮ್ಮಲ್ಲಿ ಅನೇಕರು ನಿತ್ಯವೂ ದಾಟುತ್ತಾರೆ. ಆದರೆ ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ಆಲೋಚಿಸುವವರು ವಿರಳ. ಅದು ಭೀಮೆಯನ್ನು ಕೂಡಿ, ಉಜನಿ ಜಲಾಶಯವನ್ನು ಹಾಯ್ದು, ಪಂಢರಪುರವನ್ನು ಬಳಸಿಕೊಂಡು ಕನ್ನಡನಾಡನ್ನು ಪ್ರವೇಶಿಸುತ್ತದೆ. ಗಾಣಗಾಪುರ, ಸನ್ನತಿಗಳನ್ನು ಕಂಡು, ಕಡೆಗೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಲೀನವಾಗುತ್ತದೆ. ಹೊಟ್ಟೆಪಾಡಿಗಾಗಿ ನಾವು ಬಂದ ದಾರಿಯನ್ನೇ ಈ ನೀರು ಹಿಂದುಮುಂದಾಗಿ ಕ್ರಮಿಸುತ್ತದೆಯೆಂದರೆ ತಪ್ಪಾಗಲಾರದು.

ನಾನು ಹುಟ್ಟಿದ್ದು ಶರಾವತಿಯ ದಡದಲ್ಲಿ. ಬಾಲ್ಯದಲ್ಲಿ ಪಾತಿ ದೋಣಿಯಲ್ಲಿ ಕುಳಿತು ಹೊಳೆ ದಾಟಿದ ಕೈಗಳಿವು. ನಿವೃತ್ತಿಯ ಬಳಿಕ ಮಗನ ಮನೆಗೆಂದು ಮಗರಪಟ್ಟಾಕ್ಕೆ ಬಂದಾಗ ಇಲ್ಲಿ ಎಲ್ಲ ಅನುಕೂಲವೂ ಇತ್ತು. ಕೈಗೆ ಕೆಲಸವೊಂದು ಮಾತ್ರ ಇರಲಿಲ್ಲ. ಬೆಳಿಗ್ಗೆ ಅದಿತಿ ಉದ್ಯಾನದಲ್ಲಿ ನಡಿಗೆ, ಮಧ್ಯಾಹ್ನ ದಿನಪತ್ರಿಕೆ, ಸಂಜೆ ಮತ್ತೆ ನಡಿಗೆ. ಕಾಲಿಗೆ ವ್ಯಾಯಾಮ ದೊರೆಯಿತು. ಆದರೆ ಕೈಯೂ ಮನಸ್ಸೂ ಖಾಲಿಯಾಗಿಯೇ ಉಳಿದವು. ಈ ಊರಿನಲ್ಲಿ ಮಕ್ಕಳ ಆಶ್ರಯದಲ್ಲಿರುವ ನನ್ನಂಥ ಹಿರಿಯರು ಬಹುಮಂದಿ. ಅವರಿಗೆ ಈ ಖಾಲಿತನದ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ.

2023ರ ನವೆಂಬರಿನಲ್ಲಿ, ಮನೆಯಲ್ಲಿಯೇ ಜೋಡಿಸಬಹುದಾದ ಎಂಟು ಅಡಿಯ ಮರದ ದೋಣಿಯೊಂದರ ಕಿಟ್ಟನ್ನು ಮಗನು ತರಿಸಿಕೊಟ್ಟನು. ಆ ದೋಣಿ 2025ರ ಫೆಬ್ರುವರಿಯಲ್ಲಿ ನೀರಿಗಿಳಿಯಿತು. ನಡುವಿನ ಹದಿನೈದು ತಿಂಗಳಲ್ಲಿ ನಾನು ಕಲಿತುದನ್ನೂ, ಕಲಿಯುವ ಭರದಲ್ಲಿ ಕಳೆದುಕೊಂಡುದನ್ನೂ ಇಲ್ಲಿ ನಿವೇದಿಸುತ್ತೇನೆ. ದೋಣಿಯೆಂದೊಡನೆ ಎಲ್ಲರೂ ನೀರಿನ ಭಯವನ್ನು ಕುರಿತೇ ಮಾತನಾಡುತ್ತಾರೆ. ಆದರೆ ಮನೆಯಲ್ಲಿ ದೋಣಿ ಕಟ್ಟುವವರಿಗೆ ಮೊದಲ ಅಪಾಯವು ನೀರಿನಲ್ಲಿಲ್ಲ, ಅಂಟಿನ ಬಟ್ಟಲಿನಲ್ಲಿದೆ. ಈ ಲೇಖನದ ಮುಖ್ಯ ಉದ್ದೇಶ ಅದನ್ನು ತಿಳಿಸುವುದೇ ಆಗಿದೆ.

ಹೊಲಿಗೆಯ ದೋಣಿ

ದೋಣಿಯೆಂದರೆ ದೊಡ್ಡ ಕಾರ್ಖಾನೆಯಲ್ಲಿ ತಯಾರಾಗಬೇಕಾದ ವಸ್ತುವೆಂಬ ಭಾವನೆ ಸರಿಯಲ್ಲ. ತುಂಗಭದ್ರೆಯ ಹರಿಗೋಲನ್ನು ನೋಡಿರಿ. ಬಿದಿರಿನ ಸೀಳುಗಳಿಂದ ಹೆಣೆದ ದುಂಡನೆಯ ಬುಟ್ಟಿ, ಅದಕ್ಕೆ ಹೊರಗಿನಿಂದ ಚರ್ಮದ ಹೊದಿಕೆ. ಈಚಿನ ದಿನಗಳಲ್ಲಿ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತಿರುವ ಈ ದೋಣಿಗಳಲ್ಲಿ ಜನರು ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅದನ್ನು ಕಟ್ಟಿದವರು ಹಳ್ಳಿಯ ಅಂಗಳದಲ್ಲಿ ಕುಳಿತೇ ಕಟ್ಟಿದರು.

ನಮ್ಮ ಪಶ್ಚಿಮ ಕರಾವಳಿಯ ಮತ್ತೊಂದು ವಿದ್ಯೆ ಹೊಲಿಗೆಯದು. ಕಬ್ಬಿಣದ ಮೊಳೆಯನ್ನು ಬಳಸದೆ, ಹಲಗೆಗಳ ಅಂಚಿನಲ್ಲಿ ರಂಧ್ರ ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿದು ಹಡಗುಗಳನ್ನು ಕಟ್ಟುತ್ತಿದ್ದರು. ಅಜಂತೆಯ ಚಿತ್ರವೊಂದನ್ನು ಆಧರಿಸಿ ಈ ರೀತಿಯಲ್ಲಿ ಹೊಲಿದ ‘ಕೌಂಡಿನ್ಯ’ ಎಂಬ ಹಡಗು 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿತು.

ಇದೇ ಹೊಲಿಗೆಯು ವೇಷ ಬದಲಿಸಿಕೊಂಡು ಇಂದಿನ ಕಿಟ್ಟಿನಲ್ಲಿ ಬಂದಿದೆ. ಹಲಗೆಯ ಸ್ಥಾನದಲ್ಲಿ ಪ್ಲೈವುಡ್, ನಾರಿನ ಹುರಿಯ ಸ್ಥಾನದಲ್ಲಿ ತಾಮ್ರದ ತಂತಿ, ರಾಳದ ಸ್ಥಾನದಲ್ಲಿ ರಾಸಾಯನಿಕ ಅಂಟು. ಈ ವಿಧಾನವನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿ ಇಂಗ್ಲೆಂಡಿನ ‘ಮಿರರ್’ ದೋಣಿಗೆ ಸಲ್ಲುತ್ತದೆ. ಜ್ಯಾಕ್ ಹೋಲ್ಟ್ ಎಂಬ ನೌಕಾ ವಿನ್ಯಾಸಕಾರನೂ, ದೂರದರ್ಶನದಲ್ಲಿ ಮನೆಗೆಲಸದ ಕುಶಲತೆಯನ್ನು ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಎಂಬಾತನೂ ಸೇರಿ ರೂಪಿಸಿದ ಹತ್ತಡಿ ಹತ್ತಂಗುಲದ ಈ ದೋಣಿಯನ್ನು ‘ಡೈಲಿ ಮಿರರ್’ ಪತ್ರಿಕೆಯ ಆಶ್ರಯದಲ್ಲಿ 1963ರಲ್ಲಿ ಜನರ ಮುಂದಿಡಲಾಯಿತು. ಕಿಟ್ಟಿನ ಅಂದಿನ ಬೆಲೆ ಸುಮಾರು 63 ಪೌಂಡು. ಸಾಮಾನ್ಯ ಸಂಬಳದವರು ತಮ್ಮ ವಾಹನದ ಕೊಟ್ಟಿಗೆಯಲ್ಲಿಯೇ ಅದನ್ನು ಕಟ್ಟಿಕೊಂಡರು. ಹೀಗೆ 70,000ಕ್ಕೂ ಮಿಕ್ಕಿ ದೋಣಿಗಳು ಆದವು. ಅದಕ್ಕೂ ಮೊದಲು, 1947ರಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತನು ಮಕ್ಕಳಿಗಾಗಿ ‘ಆಪ್ಟಿಮಿಸ್ಟ್’ ಎಂಬ ಚಿಕ್ಕ ಹಾಯಿದೋಣಿಯನ್ನು ಪ್ಲೈವುಡ್ಡಿನಿಂದಲೇ ರೂಪಿಸಿದ್ದನು. ಎಂಟಡಿ ಉದ್ದದ ಪ್ಲೈವುಡ್ ಹಾಳೆಯಿಂದ ಏನು ಮಾಡಬಹುದೆಂಬ ಪ್ರಶ್ನೆಗೆ ಅದೊಂದು ಉತ್ತರವಾಗಿತ್ತು.

ಕಿಟ್ಟಿನಲ್ಲಿ ಇರುವುದೇನು?

ಅಳತೆಗೆ ಸರಿಯಾಗಿ ಯಂತ್ರದಿಂದ ಕತ್ತರಿಸಿದ ಪ್ಲೈವುಡ್ ಫಲಕಗಳು, ತಾಮ್ರದ ತಂತಿ, ಎಪಾಕ್ಸಿ ಅಂಟಿನ ಎರಡು ಡಬ್ಬಗಳು, ಗಾಜುನಾರಿನ ಪಟ್ಟಿಯ ಸುರುಳಿ, ನುಣುಪಾದ ಮರದ ಹುಡಿ, ಅಂಚಿಗೆ ಮರದ ಪಟ್ಟಿಗಳು ಮತ್ತು ಒಂದು ಸೂಚನಾ ಪುಸ್ತಿಕೆ, ಇಷ್ಟೇ. ನಕ್ಷೆಯನ್ನು ಮಾತ್ರ ಕೊಂಡು, ಫಲಕಗಳನ್ನು ಊರಿನಲ್ಲಿಯೇ ಕತ್ತರಿಸಿಕೊಳ್ಳುವವರೂ ಉಂಟು.

ಹಾಗೆ ಮಾಡುವವರು ಪ್ಲೈವುಡ್ಡಿನ ವಿಷಯದಲ್ಲಿ ಜಿಪುಣತನ ಮಾಡಬಾರದು. ಪೀಠೋಪಕರಣದ ಸಾಧಾರಣ ಹಾಳೆ ನೀರಿನಲ್ಲಿ ಪದರುಪದರಾಗಿ ಬಿಚ್ಚಿಕೊಳ್ಳುತ್ತದೆ. ದೋಣಿಗೆ ಬೇಕಾದುದು ಭಾರತೀಯ ಮಾನಕ 710ಕ್ಕೆ ಹೊಂದುವ ಮೆರೈನ್ ಪ್ಲೈವುಡ್. ಇದರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವ ಕ್ರಮವುಂಟು. ಪದರುಗಳು ಆಗಲೂ ಬಿಡಬಾರದು. ಎಂಟಡಿಗೆ ನಾಲ್ಕಡಿಯ, 6 ಮಿಲಿಮೀಟರ್ ದಪ್ಪದ ಒಂದು ಹಾಳೆ ಸುಮಾರು 12 ಕಿಲೊ ತೂಗುತ್ತದೆ. ಚಿಕ್ಕ ದೋಣಿಗೆ ಎರಡೂವರೆಯಿಂದ ಮೂರು ಹಾಳೆ ಸಾಕು.

ಸ್ಥಳ ಮತ್ತು ಕಾಲ

ಸುಮಾರು 120 ರೈತ ಕುಟುಂಬಗಳು ತಮ್ಮ 400ಕ್ಕೂ ಹೆಚ್ಚು ಎಕರೆ ಹೊಲಗಳನ್ನು ಒಟ್ಟುಗೂಡಿಸಿ ತಾವೇ ಕಟ್ಟಿಸಿದ ಬಡಾವಣೆಯೆಂದು ಮಗರಪಟ್ಟಾಕ್ಕೆ ಹೆಸರು. ಒಂದು ಕಾಲಕ್ಕೆ ಇಲ್ಲಿ ಪ್ರತಿ ಮನೆಗೂ ಅಂಗಳವಿದ್ದೀತು. ಇಂದಿನ ನಮ್ಮ ವಾಸ ಮಹಡಿಯ ಮೇಲೆ. ಎಂಟಡಿಯ ದೋಣಿಗೆ ಸುತ್ತಲೂ ಎರಡಡಿ ತೆರಪು ಬೇಕು. ಎಂದರೆ ಹನ್ನೆರಡಡಿಗೆ ಎಂಟಡಿಯ ಸ್ಥಳ. ಅದು ಗಾಳಿಯಾಡುವ ಸ್ಥಳವಾಗಿರಬೇಕು. ಮುಚ್ಚಿದ ಕೋಣೆಯೂ, ಗಾಜು ಮುಚ್ಚಿದ ಬಾಲ್ಕನಿಯೂ, ಅಡಿಗೆಮನೆಯ ಪಕ್ಕವೂ ಸಲ್ಲದು. ಸೊಸೈಟಿಯ ಒಪ್ಪಿಗೆ ಪಡೆದು ನೆಲಮಾಳಿಗೆಯಲ್ಲದ, ತೆರೆದ ವಾಹನ ನಿಲ್ದಾಣದ ಮೂಲೆಯೊಂದನ್ನು ಕೆಲವು ವಾರಗಳ ಮಟ್ಟಿಗೆ ಕೇಳಿಕೊಳ್ಳುವುದು ಉತ್ತಮ. ಕಟ್ಟುವ ಮೊದಲು ಇನ್ನೊಂದು ಅಳತೆಯನ್ನೂ ಮಾಡಿಕೊಳ್ಳಿರಿ: ದೋಣಿ ಪೂರ್ಣವಾದ ಮೇಲೆ ಬಾಗಿಲಿನಿಂದ ಹೊರಗೆ ಬರುವುದೇ, ಮೆಟ್ಟಿಲಿನ ತಿರುವಿನಲ್ಲಿ ತಿರುಗುವುದೇ ಎಂಬುದು.

ಕಾಲದ ವಿಷಯವೂ ಮುಖ್ಯ. ಪುಣೆಯಲ್ಲಿ ನವೆಂಬರಿನಿಂದ ಫೆಬ್ರುವರಿಯವರೆಗಿನ ಒಣ ಹವೆ ಈ ಕೆಲಸಕ್ಕೆ ಅತ್ಯಂತ ಯೋಗ್ಯ. ಮಳೆಗಾಲದ ತೇವದಲ್ಲಿ ಎಪಾಕ್ಸಿಯ ಮೇಲೆ ಜಿಡ್ಡಿನಂಥ ಪೊರೆ ಕಟ್ಟುತ್ತದೆ. ಅದನ್ನು ನೀರಿನಿಂದ ಒರೆಸಿ ತೆಗೆಯದಿದ್ದರೆ ಮುಂದಿನ ಲೇಪನ ಹಿಡಿಯದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅಂಟು ಬೇಗನೆ ಗಟ್ಟಿಯಾಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಕೆಲಸಕ್ಕೆ ದೊರೆಯುವ ಅವಧಿ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೀಗೆ ಅವಸರವೇರ್ಪಡುತ್ತದೆ, ಅವಸರದಲ್ಲಿ ಎಚ್ಚರ ತಪ್ಪುತ್ತದೆ.

ಕಟ್ಟುವ ಕ್ರಮ

ಮೊದಲು ಫಲಕಗಳ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ, ಹದಿನೈದು ಸೆಂಟಿಮೀಟರಿಗೊಂದರಂತೆ ಸಣ್ಣ ರಂಧ್ರಗಳನ್ನು ಕೊರೆಯಬೇಕು. ತಳದ ಫಲಕಕ್ಕೆ ಪಕ್ಕದ ಫಲಕಗಳನ್ನು ತಂತಿಯಿಂದ ಸಡಿಲವಾಗಿ ಹೊಲಿದು, ಮುಂದಿನ ಮತ್ತು ಹಿಂದಿನ ಹಲಗೆಗಳನ್ನು ಕೂಡಿಸಿ, ಬಳಿಕ ಎಲ್ಲ ತಂತಿಗಳನ್ನೂ ಸ್ವಲ್ಪಸ್ವಲ್ಪವಾಗಿ ಬಿಗಿಯುತ್ತ ಬರಬೇಕು. ನೆಲದ ಮೇಲೆ ಚಪ್ಪಟೆಯಾಗಿ ಬಿದ್ದಿದ್ದ ಹಾಳೆಗಳು ಒಂದು ಸಂಜೆಯಲ್ಲಿ ಮೈದುಂಬಿಕೊಂಡು ದೋಣಿಯ ಆಕಾರ ತಾಳುವುದನ್ನು ನೋಡುವ ಸಂತೋಷ ಅನುಭವಿಸಿದವರಿಗೇ ಗೊತ್ತು.

ಇಲ್ಲಿ ನಿಲ್ಲಬೇಕು. ದೋಣಿ ತಿರುಚಿಕೊಂಡಿದೆಯೇ ಎಂದು ನೋಡಲು, ಮುಂದಿನ ಹಲಗೆಯ ನಡುಬಿಂದುವಿನಿಂದ ಹಿಂದಿನ ಎರಡು ಮೂಲೆಗಳವರೆಗೆ ದಾರ ಹಿಡಿದು ಅಳೆಯಬೇಕು, ಎರಡೂ ಸಮನಾಗಿರಬೇಕು. ಮುಂದೊಂದು, ಹಿಂದೊಂದು ನೇರವಾದ ಕೋಲನ್ನು ಅಡ್ಡಲಾಗಿಟ್ಟು ಕಣ್ಣಳತೆಯಲ್ಲಿ ನೋಡಿದಾಗ ಅವು ಒಂದಕ್ಕೊಂದು ಸಮಾನಾಂತರವಾಗಿ ಕಾಣಬೇಕು. ಈಗ ತಿದ್ದದ ದೋಷವನ್ನು ಮುಂದೆ ತಿದ್ದಲಾಗದು.

ಅನಂತರ ಅಂಟಿನ ಕೆಲಸ. ಎಪಾಕ್ಸಿಯ ಎರಡು ಭಾಗಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಬೇಗ ಒಣಗಲೆಂದು ಗಟ್ಟಿಕಾರಕವನ್ನು ಹೆಚ್ಚು ಸುರಿಯುವುದು ತಪ್ಪು. ಅದರಿಂದ ಅಂಟು ಬಲಹೀನವಾಗುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ. ಬೆರೆಸಿದ ಅಂಟಿಗೆ ಮರದ ಹುಡಿ ಕೂಡಿಸಿ, ಗಟ್ಟಿಯಾದ ಚಟ್ನಿಯ ಹದಕ್ಕೆ ತಂದು, ತಂತಿಗಳ ನಡುವಿನ ಸಂದುಗಳಿಗೆ ತುಂಬಬೇಕು. ಅದು ಗಟ್ಟಿಯಾದ ಮೇಲೆ ತಂತಿಗಳನ್ನು ಕತ್ತರಿಸಿ ತೆಗೆದು, ಮೂಲೆಯ ಉದ್ದಕ್ಕೂ ಅದೇ ಮಿಶ್ರಣವನ್ನು ದುಂಡಗೆ ಸವರಿ, ಮೇಲೆ ಗಾಜುನಾರಿನ ಪಟ್ಟಿಯನ್ನು ಹಾಸಿ ತೆಳುವಾದ ಅಂಟಿನಿಂದ ತೋಯಿಸಬೇಕು. ದೋಣಿಯನ್ನು ಮಗುಚಿ, ಹೊರಗಿನ ಅಂಚುಗಳನ್ನು ಉಜ್ಜಿ ದುಂಡಾಗಿಸಿ, ಅಲ್ಲಿಯೂ ಪಟ್ಟಿ ಹಾಕಬೇಕು. ಮೇಲಂಚಿಗೆ ಮರದ ಪಟ್ಟಿ, ನಡುವೆ ಕೂರುವ ಹಲಗೆ, ಮುಂದೆ ಹಿಂದೆ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆಗಳು. ಕಡೆಗೆ ಒಳಗೂ ಹೊರಗೂ ಎರಡು ಮೂರು ಬಾರಿ ಅಂಟಿನ ಲೇಪನ, ಉಜ್ಜುವಿಕೆ, ಅದರ ಮೇಲೆ ಬಣ್ಣ. ಬಣ್ಣವು ಅಲಂಕಾರಕ್ಕೆ ಮಾತ್ರವಲ್ಲ. ಎಪಾಕ್ಸಿಯು ಸೂರ್ಯನ ಕಿರಣಗಳಿಗೆ ಕ್ರಮೇಣ ಹಾಳಾಗುವುದರಿಂದ ಅದು ಅಗತ್ಯ.

ನನ್ನ ತಪ್ಪು

ಹೊಲಿಗೆಯ ಕೆಲಸವನ್ನು ನಾನು 2024ರ ಜನವರಿಯ ಹೊತ್ತಿಗೆ ಮುಗಿಸಿದ್ದೆನು. ಆ ಬಳಿಕ ಊರಿನ ಮದುವೆ, ನೆಂಟರ ಮನೆ ಎಂದು ಎರಡು ತಿಂಗಳು ಕಳೆದವು. ಏಪ್ರಿಲಿನಲ್ಲಿ ಮರಳಿ ಬಂದಾಗ ಮೊಮ್ಮಗನಿಗೆ ರಜೆ. ಶಾಲೆ ತೆರೆಯುವ ಮುನ್ನ ದೋಣಿ ನೀರಿಗಿಳಿಯಬೇಕೆಂದು ಅವನ ಹಟ. ಅದನ್ನು ಈಡೇರಿಸಬೇಕೆಂದು ನನ್ನ ಹಟ. ಧೂಳು ಬಂದೀತೆಂದು ಬಾಲ್ಕನಿಯ ಗಾಜುಗಳನ್ನು ಮುಚ್ಚಿದೆನು. ಸೂಚನಾ ಪುಸ್ತಿಕೆಯಲ್ಲಿ ಕೈಗವಸು ಧರಿಸಬೇಕೆಂದು ದಪ್ಪಕ್ಷರದಲ್ಲಿಯೇ ಬರೆದಿತ್ತು. ಸೆಕೆಯಲ್ಲಿ ಕೈ ಬೆವರುತ್ತಿತ್ತು. ಮೇಲಾಗಿ, ಗೋಂದು ಮೆತ್ತದ ಕೈಯವನು ಎಂಥ ಬಡಗಿ ಎಂಬ ಹಳೆಯ ಗರ್ವವೊಂದಿತ್ತು. ಬರಿಗೈಯಲ್ಲಿಯೇ ಅಂಟು ಸವರಿದೆನು. ಕೆಲಸ ಮುಗಿದ ಮೇಲೆ ಥಿನ್ನರಿನಲ್ಲಿ ಬಟ್ಟೆ ಅದ್ದಿ ಕೈ ಒರೆಸಿಕೊಂಡೆನು.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ಬೆರಳಸಂದುಗಳಲ್ಲಿ ತುರಿಕೆ, ಬಳಿಕ ಮುಂಗೈಯಲ್ಲಿ ಕೆಂಪು ಗಂಧೆ, ಕಣ್ಣಿನ ರೆಪ್ಪೆಗಳಲ್ಲಿ ಊತ. ಸೆಕೆಯ ಬೊಕ್ಕೆಯೆಂದು ತಿಳಿದು ಶ್ರೀಗಂಧ ಲೇಪಿಸಿಕೊಂಡು ಮತ್ತೆ ಅಂಟಿನ ಕೆಲಸಕ್ಕಿಳಿದೆನು. ಎರಡು ದಿನಗಳಲ್ಲಿ ಕೈಯ ಚರ್ಮ ಬಿರಿದು ನೀರು ಸೋರತೊಡಗಿತು. ಅನ್ನ ಕಲಸುವುದೂ ಆಗದಾಯಿತು. ಚರ್ಮವೈದ್ಯರು ಬೆನ್ನಿನ ಮೇಲೆ ಪಟ್ಟಿ ಪರೀಕ್ಷೆ ನಡೆಸಿ, ಇದು ಎಪಾಕ್ಸಿಯ ಅಲರ್ಜಿಯೆಂದರು. ಗುಣವಾಗಲು ಎಷ್ಟು ದಿನ ಬೇಕೆಂದು ಕೇಳಿದೆನು. ಗಾಯವು ಕೆಲವು ವಾರಗಳಲ್ಲಿ ಮಾಯುವುದೆಂದೂ, ಅಲರ್ಜಿಯು ಮಾತ್ರ ಆಜೀವ ಪರ್ಯಂತ ಉಳಿಯುವ ಸಂಭವವೇ ಹೆಚ್ಚೆಂದೂ, ಇನ್ನು ಹಸಿ ಎಪಾಕ್ಸಿಯನ್ನು ಮುಟ್ಟಕೂಡದೆಂದೂ ಅವರು ಹೇಳಿದರು.

ಇದರ ಮರ್ಮವನ್ನು ಓದುಗರು ತಿಳಿದಿರಬೇಕು. ಗಟ್ಟಿಯಾಗುವ ಮುನ್ನ ಎಪಾಕ್ಸಿಯ ಅಣುಗಳು ಚಿಕ್ಕವು. ಅವು ಚರ್ಮವನ್ನು ಭೇದಿಸಿ ಒಳಹೋಗಬಲ್ಲವು. ಗಟ್ಟಿಕಾರಕದಲ್ಲಿರುವ ಅಮೈನುಗಳೂ ಹಾಗೆಯೇ. ದೇಹದ ರಕ್ಷಣಾ ವ್ಯವಸ್ಥೆ ಇವುಗಳನ್ನು ಶತ್ರುಗಳೆಂದು ಒಮ್ಮೆ ಗುರುತಿಸಿಕೊಂಡಿತೆಂದರೆ ಮತ್ತೆ ಮರೆಯುವುದಿಲ್ಲ. ಮೊದಲ ದಿನ ಏನೂ ಆಗದಿದ್ದುದೇ ಮೋಸ. ಆ ಗುರುತು ಮೂಡಲು ಕೆಲವರಿಗೆ ಕೆಲವು ದಿನ, ಕೆಲವರಿಗೆ ವರ್ಷಗಳು ಹಿಡಿಯುತ್ತವೆ. ಆಮೇಲೆ ಒಂದು ತೊಟ್ಟು ತಾಕಿದರೂ ಒಂದೆರಡು ದಿನಗಳಲ್ಲಿ ಗಂಧೆ ಏಳುತ್ತದೆ. ಥಿನ್ನರು, ಅಸಿಟೋನುಗಳಿಂದ ಕೈ ಒರೆಸುವುದು ಎಲ್ಲಕ್ಕಿಂತ ಕೆಟ್ಟದ್ದು. ಚರ್ಮದ ಸಹಜವಾದ ಜಿಡ್ಡನ್ನು ಕರಗಿಸಿ, ಅಂಟಿಗೆ ಅವೇ ಒಳದಾರಿ ತೋರಿಸುತ್ತವೆ. ಪೂರ್ಣವಾಗಿ ಗಟ್ಟಿಯಾದ ಎಪಾಕ್ಸಿಯಿಂದ ಈ ಭಯವಿಲ್ಲ. ಆದರೆ ಕೈಗೆ ಗಟ್ಟಿಯೆನಿಸಿದರೂ ಪೂರ್ತಿ ಪಕ್ವವಾಗಲು ಅದಕ್ಕೆ ಹಲವು ದಿನ ಬೇಕು. ಅದಕ್ಕೆ ಮೊದಲೇ ಉಜ್ಜಿದರೆ ಅದರ ಧೂಳೂ ಅಪಾಯಕಾರಿ.

ಮುಂಜಾಗ್ರತೆಯ ಸೂತ್ರಗಳು

ಚರ್ಮ: ನೈಟ್ರೈಲ್ ಕೈಗವಸುಗಳನ್ನು ಧರಿಸಬೇಕು, ಒಂದರ ಮೇಲೊಂದು ಎರಡಿದ್ದರೆ ಲೇಸು. ತೆಳುವಾದ ಸಾಧಾರಣ ರಬ್ಬರ್ ಗವಸುಗಳು ಎಪಾಕ್ಸಿಯನ್ನು ಸಾಕಷ್ಟು ತಡೆಯಲಾರವು. ಅಂಟು ಮೆತ್ತಿದ ಗವಸನ್ನು ಕೂಡಲೇ ಬದಲಿಸಬೇಕು. ಅದೇ ಕೈಯಿಂದ ಮುಖ, ಕನ್ನಡಕ, ದೂರವಾಣಿಗಳನ್ನು ಮುಟ್ಟಬಾರದು. ತುಂಬುತೋಳಿನ ಹಳೆಯ ಅಂಗಿಯಿರಲಿ. ಚರ್ಮಕ್ಕೆ ತಾಕಿದರೆ ಒಣ ಬಟ್ಟೆಯಿಂದ ಒರೆಸಿ, ಸೋಪು ಮತ್ತು ನೀರಿನಿಂದ ತೊಳೆಯಬೇಕು.

ಕಣ್ಣು ಮತ್ತು ಉಸಿರು: ಅಂಟು ಬೆರೆಸುವಾಗ ಕಣ್ಣಿಗೆ ರಕ್ಷಾಕವಚವಿರಬೇಕು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುವಂತಿರಬೇಕು. ಎಪಾಕ್ಸಿಯ ಬದಲು ಅಗ್ಗವಾದ ಪಾಲಿಯೆಸ್ಟರ್ ರಾಳವನ್ನು ಬಳಸುವವರಿಗೆ ಸ್ಟೈರೀನ್ ಆವಿಯ ಉಪದ್ರವವೂ ಉಂಟು. ಅದರ ವೇಗವರ್ಧಕ ದ್ರವವು ಕಣ್ಣಿಗೆ ಸಿಡಿದರೆ ದೃಷ್ಟಿಗೇ ಹಾನಿಯಾದೀತು. ಮನೆಯ ಕೆಲಸಕ್ಕೆ ಅದು ಬೇಡ.

ಮರದ ಧೂಳು: ಮರದ ಧೂಳು ನಿರುಪದ್ರವಿಯೆಂಬ ನಂಬಿಕೆ ತಪ್ಪು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಅದನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂಗಿನ ಒಳಭಾಗಕ್ಕೆ ಮುಖ್ಯವಾಗಿ ಅದರ ಬಾಧೆ. ಜೀವನವೆಲ್ಲ ಧೂಳು ಕುಡಿಯುವ ಬಡಗಿಗಿರುವ ಅಪಾಯ ಒಂದು ದೋಣಿ ಕಟ್ಟುವವರಿಗಿಲ್ಲವೆಂಬುದು ನಿಜ. ಆದರೂ ಎನ್-95 ದರ್ಜೆಯ ಮುಖಗವಸು ಧರಿಸಿ, ಸಾಧ್ಯವಿದ್ದಲ್ಲಿ ನೀರು ಸಿಂಪಡಿಸಿ ಉಜ್ಜಬೇಕು. ಒಣಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಉಬ್ಬಸವಿರುವವರು, ಗರ್ಭಿಣಿಯರು ಮತ್ತು ಮಕ್ಕಳು ಅಂಟಿನ ಮತ್ತು ಉಜ್ಜುವ ಕೆಲಸದಿಂದ ದೂರವಿರಬೇಕು.

ಬೆನ್ನು ಮತ್ತು ಕೀಲು: ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ದೋಣಿ ಕಟ್ಟಬಾರದು. ಸೊಂಟದೆತ್ತರದ ಎರಡು ಮರದ ಕುದುರೆಗಳ ಮೇಲೆ ಇಟ್ಟುಕೊಂಡರೆ ನಿಂತೇ ಕೆಲಸ ಮಾಡಬಹುದು. ಮುಕ್ಕಾಲು ಗಂಟೆಗೊಮ್ಮೆ ವಿರಮಿಸಿ ನೀರು ಕುಡಿಯಬೇಕು. ದೋಣಿಯನ್ನು ಮಗುಚಲು ಇಬ್ಬರು ಬೇಕು. ಮಧುಮೇಹವುಳ್ಳವರೂ, ರಕ್ತ ತೆಳುವಾಗಿಸುವ ಔಷಧ ಸೇವಿಸುವವರೂ ತಂತಿಯ ಮೊನೆಯಿಂದಾಗುವ ಸಣ್ಣ ಗಾಯವನ್ನೂ ಉಪೇಕ್ಷಿಸಬಾರದು.

ಬೆಂಕಿ: ಬೆರೆಸಿದ ಎಪಾಕ್ಸಿ ಬಟ್ಟಲಿನಲ್ಲಿ ರಾಶಿಯಾಗಿ ಉಳಿದರೆ ತನ್ನ ಶಾಖದಿಂದಲೇ ಕಾದು ಹೊಗೆಯಾಡುತ್ತದೆ. ಒಮ್ಮೆಗೆ ಸ್ವಲ್ಪವೇ ಬೆರೆಸಿ, ಅಗಲವಾದ ತಟ್ಟೆಗೆ ಸುರಿದುಕೊಳ್ಳಬೇಕು. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹೊರಗೆ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಮತ್ತೆ ಆರಂಭ

ಬೇಸಗೆ ಮುಗಿಯಿತು, ಮೊಮ್ಮಗನ ಶಾಲೆ ತೆರೆಯಿತು, ಅರ್ಧ ದೋಣಿ ಬಾಲ್ಕನಿಯಲ್ಲಿ ಮಳೆಗಾಲವನ್ನು ಕಳೆಯಿತು. ಅದನ್ನು ಮಾರಿಬಿಡೋಣವೆಂದು ನಾನೇ ಹೇಳಿದೆನು. ಆದರೆ ನವೆಂಬರಿನಲ್ಲಿ ಸೊಸೆ ಸೂಚನಾ ಪುಸ್ತಿಕೆಯನ್ನು ಮೊದಲಿನಿಂದ ಓದಿ, ಕೈಗವಸುಗಳ ಪೆಟ್ಟಿಗೆಯೊಂದನ್ನು ಕೊಂಡುತಂದಳು. ದೋಣಿಯನ್ನು ಕೆಳಗಿನ ತೆರೆದ ನಿಲ್ದಾಣಕ್ಕೆ ಸಾಗಿಸಿದೆವು. ಅಂಟಿನ ಕೆಲಸವೆಲ್ಲ ಅವಳದು ಮತ್ತು ಮಗನದು. ನನ್ನ ಪಾಲಿಗೆ ಒಣ ಕೆಲಸ: ಹುಟ್ಟುಗಳನ್ನು ಕೆತ್ತುವುದು, ಕೂರುವ ಹಲಗೆಯನ್ನು ನಯಗೊಳಿಸುವುದು, ಅಂಚಿನ ಪಟ್ಟಿಗಳನ್ನು ಬಾಗಿಸಿ ಅಳತೆಗೆ ಹೊಂದಿಸುವುದು. ಅಂಟು ಸವರುವ ದಿನ ನಾನು ಹತ್ತು ಹೆಜ್ಜೆ ದೂರದಲ್ಲಿ, ಗಾಳಿ ಬರುವ ದಿಕ್ಕಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆನು. ಹೇಳಿಕೊಡುವುದು ನನಗೆ ಉಳಿದಿತ್ತು. ಅದು ಕಡಿಮೆಯ ಕೆಲಸವಲ್ಲವೆಂದು ಆಗ ತಿಳಿಯಿತು. ನೆರೆಯ ಇಬ್ಬರು ಹಿರಿಯರು ಬಂದು ನಿಂತು ನೋಡಿದರು. ಎರಡನೆಯ ವಾರದಲ್ಲಿ ಅವರೂ ಉಜ್ಜುಕಾಗದ ಕೈಗೆತ್ತಿಕೊಂಡರು. ನನ್ನ ರಾತ್ರಿಯ ನಿದ್ರೆ ಸುಧಾರಿಸಿದ್ದು ಆ ದಿನಗಳಲ್ಲಿ. ಇದು ಔಷಧವೆಂದು ನಾನು ಹೇಳುತ್ತಿಲ್ಲ. ವೈದ್ಯರ ಗುಳಿಗೆಯನ್ನು ನಾನು ಬಿಟ್ಟಿಲ್ಲ. ಆದರೆ ನಾಳೆ ಬೆಳಿಗ್ಗೆ ಎದ್ದು ಮಾಡಬೇಕಾದ ಕೆಲಸವೊಂದಿದೆ ಎಂಬ ಭಾವನೆಯೇ ಹಿರಿಯರಿಗೆ ಒಂದು ಬಲ.

ತೇಲುವ ಲೆಕ್ಕ

ದೋಣಿ ತೇಲುವುದು ಆರ್ಕಿಮಿಡೀಸನ ನಿಯಮದಂತೆ: ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸಿ. ನಮ್ಮ ದೋಣಿಯ ತೂಕ 42 ಕಿಲೊ, ನನ್ನದು 68, ಮೊಮ್ಮಗನದು 30. ಒಟ್ಟು 140 ಕಿಲೊ, ಎಂದರೆ 140 ಲೀಟರ್ ನೀರು. ದೋಣಿಯ ತಳದ ವಿಸ್ತೀರ್ಣ ಸುಮಾರು 1.6 ಚದರ ಮೀಟರ್. ಆದುದರಿಂದ ಅದು ಹೆಚ್ಚುಕಡಿಮೆ 9 ಸೆಂಟಿಮೀಟರ್ ಮುಳುಗಬೇಕು. ಪಕ್ಕದ ಎತ್ತರ 40 ಸೆಂಟಿಮೀಟರ್. 70 ಕಿಲೊ ತೂಕದ ಇನ್ನೊಬ್ಬರು ಹತ್ತಿದರೆ ಇನ್ನೂ 4 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಮೊಮ್ಮಗನು ಈ ಲೆಕ್ಕವನ್ನು ಗೋಡೆಯ ಮೇಲೆ ಬರೆದು, ದೋಣಿಯ ಪಕ್ಕಕ್ಕೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟನು. ಗೆರೆಯ ಲೆಕ್ಕ ಸರಿಯಾಗಿದ್ದರೂ, ಒಬ್ಬರು ಒಂದೇ ಪಕ್ಕಕ್ಕೆ ವಾಲಿದರೆ ಚಿಕ್ಕ ದೋಣಿ ಮಗುಚಬಲ್ಲದೆಂಬುದನ್ನು ಮರೆಯಬಾರದು.

ನೀರಿಗಿಳಿಯುವ ಮುನ್ನ

ಪುಣೆಗೂ ನೀರಿಗೂ ಹಳೆಯ ನಂಟು. ಮುಳಾ ಮತ್ತು ಮುಠಾ ಕೂಡುವ ಸಂಗಮದ ಬಳಿಯಲ್ಲಿರುವ ಇಂಜಿನಿಯರಿಂಗ್ ಕಾಲೇಜಿಗೆ ತನ್ನದೇ ದೋಣಿವಿಹಾರ ಸಂಘವುಂಟು. ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ತಮ್ಮ ಇಂಜಿನಿಯರಿಂಗ್ ವ್ಯಾಸಂಗವನ್ನು 1883ರಲ್ಲಿ ಪೂರೈಸಿದುದು ಇದೇ ಕಾಲೇಜಿನಲ್ಲಿ. 1903ರಲ್ಲಿ ಖಡಕವಾಸ್ಲಾ ಜಲಾಶಯದಲ್ಲಿ, ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಅಳವಡಿಸಿದವರೂ ಅವರೇ. ಆದರೆ ನೀರು ಇಂಜಿನಿಯರುಗಳ ಲೆಕ್ಕವನ್ನೂ ಮೀರಬಲ್ಲದು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಖಡಕವಾಸ್ಲಾವೂ ಬಿರಿದು, ಪುಣೆಯ ಬೀದಿಗಳಲ್ಲಿ ಹೊಳೆ ಹರಿಯಿತು. ಆದುದರಿಂದ ನೀರಿನ ಮುಂದೆ ವಿನಯವಿರಬೇಕು.

ದೋಣಿಯಲ್ಲಿ ಕೂರುವ ಪ್ರತಿಯೊಬ್ಬರೂ, ಈಜು ಬಲ್ಲವರೂ ಸೇರಿ, ತಮ್ಮ ತೂಕಕ್ಕೆ ಸರಿಯಾದ ತೇಲುಕವಚವನ್ನು ಬಿಗಿಯಾಗಿ ಧರಿಸಬೇಕು. ದೋಣಿಯ ಮೂಲೆಯಲ್ಲಿಟ್ಟ ಕವಚವು ಜೀವ ಉಳಿಸದು. ಒಂಟಿಯಾಗಿ ಹೋಗಬಾರದು. ಮೊದಲ ದಿನ ಎದೆಮಟ್ಟದ ನೀರಿನಲ್ಲಿ ದೋಣಿಯನ್ನು ಬೇಕೆಂದೇ ನೀರಿನಿಂದ ತುಂಬಿಸಿ, ಗಾಳಿಪೆಟ್ಟಿಗೆಗಳು ಅದನ್ನು ತೇಲಿಸಿ ಹಿಡಿಯುವುವೇ ಎಂದು ಪರೀಕ್ಷಿಸಬೇಕು. ಮಗುಚಿದರೆ ದೋಣಿಯನ್ನು ಬಿಟ್ಟು ದಡಕ್ಕೆ ಈಜಲು ಹೋಗದೆ ಅದನ್ನೇ ಹಿಡಿದುಕೊಂಡಿರಬೇಕು. ಜಲಾಶಯ, ನದಿಗಳಲ್ಲಿ ಸಂಬಂಧಪಟ್ಟ ಇಲಾಖೆಯ ಅನುಮತಿ ಪಡೆಯದೆ ಇಳಿಯಬಾರದು. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಡುವಾಗ ಹರಿಯುವ ನೀರಿನ ಹತ್ತಿರವೂ ಸುಳಿಯಬಾರದು.

ನಮ್ಮ ಮನೆಯ ಪಕ್ಕದ ಮುಳಾ-ಮುಠೆಯಲ್ಲಿ ದೋಣಿ ಬಿಡಬಹುದಲ್ಲವೇ ಎಂದು ಮೊಮ್ಮಗನು ಕೇಳಿದನು. ಬಿಡಲಾಗದು. ನಗರದ ಚರಂಡಿಯ ನೀರೆಲ್ಲ ಸೇರಿ ಮಲಿನವಾದ ಆ ಪ್ರವಾಹದಲ್ಲಿ ಹೊಟ್ಟೆಬೇನೆ, ಚರ್ಮರೋಗಗಳ ಭಯವುಂಟು. ಇಲಿಗಳ ಮೂತ್ರದಿಂದ ನೀರಿಗೆ ಸೇರುವ ಲೆಪ್ಟೊಸ್ಪೈರಾ ಎಂಬ ರೋಗಾಣು ಸಣ್ಣ ಗಾಯದ ಮೂಲಕವೂ ದೇಹವನ್ನು ಹೊಗಬಲ್ಲದು. ಇಂಥ ನೀರಿನಲ್ಲಿ ಕೈಕಾಲು ತೋಯಿಸಿದ ಬಳಿಕ ಕೆಲವು ದಿನಗಳಲ್ಲಿ ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವಿಕೆ ಕಂಡರೆ, ನೀರಿಗಿಳಿದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು.

ನಮ್ಮ ದೋಣಿ ತೇಲಿದ್ದು ಊರಿನ ಹೊರಗೆ, ಪರಿಚಿತರೊಬ್ಬರ ತೋಟದ ಸಣ್ಣ ಕೆರೆಯಲ್ಲಿ. ಅದು ಮುಳುಗಿದ ಅಳತೆ ಪೆನ್ಸಿಲಿನ ಗೆರೆಗಿಂತ ಒಂದು ಬೆರಳಿನಷ್ಟು ಹೆಚ್ಚಾಗಿತ್ತು. ಬಣ್ಣದ ಡಬ್ಬವನ್ನೂ ಊಟದ ಬುತ್ತಿಯನ್ನೂ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊಮ್ಮಗನು ಹುಟ್ಟು ಹಾಕಿದನು. ಅವನ ಹಿಂದೆ ಕುಳಿತ ನಾನು, ಶರಾವತಿಯಲ್ಲಿ ನನ್ನ ಅಜ್ಜ ನನಗೆ ಹೇಳುತ್ತಿದ್ದುದನ್ನೇ ಅವನಿಗೆ ಹೇಳಿದೆನು: ನೀರನ್ನು ಹೊಡೆಯಬೇಡ, ತಳ್ಳು.

ಈ ಊರಿನಲ್ಲಿ ಬಿಡುವಿರುವ ಹಿರಿಯರಿಗೂ, ರಜೆಯಲ್ಲಿ ಪರದೆಯ ಮುಂದೆ ಕೂರುವ ಮಕ್ಕಳಿಗೂ ಕೊರತೆಯಿಲ್ಲ. ಎರಡು ಮೂರು ಮನೆಯವರು ಕೂಡಿ ಒಂದು ದೋಣಿಯನ್ನು ಕಟ್ಟಲಿ ಎಂಬುದು ನನ್ನ ವಿನಂತಿ. ಚಳಿಗಾಲದಲ್ಲಿ ಆರಂಭಿಸಿರಿ, ತೆರೆದ ಗಾಳಿಯಲ್ಲಿ ಕೆಲಸ ಮಾಡಿರಿ, ಯಾವ ಹಬ್ಬದೊಳಗೂ ಮುಗಿಸುವೆವೆಂದು ಮಾತು ಕೊಡಬೇಡಿರಿ. ಹಾಗೂ ಅಂಟಿನ ಡಬ್ಬದ ಮುಚ್ಚಳ ತೆರೆಯುವ ಮೊದಲು ಕೈಗವಸು ಧರಿಸಿರಿ. ದೋಣಿಯಲ್ಲಿ ರಂಧ್ರವಾದರೆ ಮುಚ್ಚಬಹುದು. ಈ ಅಲರ್ಜಿ ಒಮ್ಮೆ ಬಂದರೆ ಮತ್ತೆ ಬಿಡುವುದು ದುರ್ಲಭ.